ಹಾಜಿ ಅಬ್ದುಲ್ಲಾ ಸಾಹೇಬರ ಮನೆ: ಹೆಸರಳಿದ ಬ್ಯಾಂಕಿನ ಉಳಿದ ಗುರುತು

ಮಂಗಳೂರಿನ ಪಾಂಡೇಶ್ವರದಲ್ಲಿ, ಮಂಗಳಾದೇವಿ ದೇವಸ್ಥಾನದ ರಸ್ತೆಯಲ್ಲಿ, ಕಾರ್ಪೊರೇಶನ್ ಬ್ಯಾಂಕಿನ ಪ್ರಧಾನ ಕಚೇರಿಯಿದ್ದ ಕಟ್ಟಡವನ್ನು ಅರಿಯದ ವರ್ತಕರು ನಮ್ಮ ನಡುವೆ ಇರಲಾರರು. ಸಾಲದ ಮಂಜೂರಾತಿಗಾಗಿ, ಲೆಟರ್ ಆಫ್ ಕ್ರೆಡಿಟ್‌ಗಾಗಿ, ಗ್ಯಾರಂಟಿ ಪತ್ರಕ್ಕಾಗಿ ಅದರ ಮೆಟ್ಟಿಲು ಹತ್ತಿಳಿದವರು ನಮ್ಮ ಸಂಸ್ಥೆಯ ಸದಸ್ಯರಲ್ಲಿ ಅನೇಕರಿದ್ದಾರೆ. 2020ರ ಎಪ್ರಿಲ್ 1ರಂದು ಆ ಬ್ಯಾಂಕು ಯೂನಿಯನ್ ಬ್ಯಾಂಕ್ ಆಫ್ ಇಂಡಿಯಾದಲ್ಲಿ ವಿಲೀನಗೊಂಡಿತು. ದೇಶವೆಲ್ಲ ಲಾಕ್‌ಡೌನ್‌ನಲ್ಲಿ ಬಾಗಿಲು ಮುಚ್ಚಿ ಕುಳಿತಿದ್ದ ದಿನಗಳವು. ನೂರ ಹದಿನಾಲ್ಕು ವರ್ಷಗಳ ಒಂದು ಸಂಸ್ಥೆಯ ಹೆಸರು ಫಲಕದಿಂದ ಇಳಿದುದನ್ನು ನೋಡಲು ಬೀದಿಯಲ್ಲಿ ಜನರೇ ಇರಲಿಲ್ಲ.

ಹೆಸರು ಹೋಯಿತಾದರೂ ಅದನ್ನು ಹುಟ್ಟುಹಾಕಿದ ಮಹನೀಯರ ಮನೆಯೊಂದು ಉಳಿದಿದೆ. ಮಂಗಳೂರಿನಿಂದ ಉತ್ತರಕ್ಕೆ ಸುಮಾರು 60 ಕಿಲೋಮೀಟರು ದೂರದ ಉಡುಪಿ ಪಟ್ಟಣದಲ್ಲಿ ಖಾನ್ ಬಹಾದೂರ್ ಹಾಜಿ ಅಬ್ದುಲ್ಲಾ ಹಾಜಿ ಕಾಸಿಂ ಸಾಹೇಬ್ ಬಹಾದೂರರು ಬಾಳಿದ ಮನೆಯನ್ನು ಕಾರ್ಪೊರೇಶನ್ ಬ್ಯಾಂಕು ತನ್ನ ಪಾರಂಪರಿಕ ಸಂಗ್ರಹಾಲಯವನ್ನಾಗಿ ಮಾಡಿತು. ಪ್ರಾಚೀನ ಜನಪದಗಳ ಕಾಲದಿಂದ ನಮ್ಮ ಕಾಲದವರೆಗಿನ ನಾಣ್ಯಗಳನ್ನು ಅಲ್ಲಿ ಜೋಡಿಸಿಟ್ಟಿದೆ. ವಿಲೀನದೊಡನೆ ಬ್ಯಾಂಕಿನ ಆಸ್ತಿಪಾಸ್ತಿಗಳೆಲ್ಲ ಯೂನಿಯನ್ ಬ್ಯಾಂಕಿನ ಪಾಲಿಗೆ ಸಂದಾಗ ಸಂಗ್ರಹಾಲಯವೂ ಅದರ ಕೈಸೇರಿತು. ನಾಣ್ಯ ಸಂಗ್ರಾಹಕರಿಗೆ ಈ ಮನೆ ಪರಿಚಿತ. ವರ್ತಕರಿಗೆ ಅಷ್ಟಾಗಿ ಪರಿಚಿತವಲ್ಲ. ಆದರೆ ಇದು ಮೊದಲಿಗೆ ವರ್ತಕ ಸಮಾಜದ ಮನೆ. ನಾಣ್ಯಗಳು ಬಂದುದು ಆಮೇಲೆ.

ಮುರಕಲ್ಲಿನ ನಾಡಿನ ಮನೆಗಳು

ಮನೆಯ ಮಾತು ಬಂದಾಗ ಕರಾವಳಿಯ ಕಟ್ಟುವಿಕೆಯ ಬಗೆಗೆ ಒಂದೆರಡು ಮಾತು ಅಪ್ರಸ್ತುತವಾಗಲಾರದು. ಕಟ್ಟಡ ಸಾಮಗ್ರಿಗಳ ವ್ಯವಹಾರದಲ್ಲಿರುವ ಸದಸ್ಯರು ಈ ಭಾಗವನ್ನು ದಾಟಿ ಮುಂದೆ ಹೋದರೂ ತಪ್ಪಿಲ್ಲ. ಅವರಿಗೆ ತಿಳಿಯದ್ದು ಇಲ್ಲಿ ಕಡಿಮೆ.

ಮಂಗಳೂರು, ಉಡುಪಿ, ಕಾಸರಗೋಡು ಪ್ರದೇಶದ ಹಳೆಯ ಮನೆಗಳೆಲ್ಲ ಬಹುಮಟ್ಟಿಗೆ ಮುರಕಲ್ಲಿನವು. ನೆಲದಡಿಯಲ್ಲಿದ್ದಾಗ ಮೆತ್ತಗಿದ್ದು, ಕೊಡಲಿಯಂತಹ ಹತಾರಿನಿಂದ ಕಡಿದು ತೆಗೆಯಬಹುದಾದ ಈ ಕೆಂಪುಕಲ್ಲು ಗಾಳಿಬಿಸಿಲಿಗೆ ಒಡ್ಡಿದ ಮೇಲೆ ಗಟ್ಟಿಯಾಗುತ್ತ ಹೋಗುತ್ತದೆ. 1800-01ರಲ್ಲಿ ಮೈಸೂರು, ಕೆನರಾ, ಮಲಬಾರು ಸೀಮೆಗಳನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ 1807ರಲ್ಲಿ ಪ್ರಕಟವಾದ ತನ್ನ ಪ್ರವಾಸ ಗ್ರಂಥದಲ್ಲಿ ಈ ಕಲ್ಲಿಗೆ ‘ಲ್ಯಾಟರೈಟ್’ ಎಂದು ಹೆಸರಿಟ್ಟನು. ಇಟ್ಟಿಗೆಗೆ ಲ್ಯಾಟಿನ್ ಭಾಷೆಯಲ್ಲಿರುವ ಪದದಿಂದ ಹುಟ್ಟಿದ ಹೆಸರದು. ಇಂದು ಜಗತ್ತಿನ ಭೂವಿಜ್ಞಾನವೆಲ್ಲ ಬಳಸುವ ಈ ಶಬ್ದ ಹುಟ್ಟಿದುದು ನಮ್ಮ ಪಶ್ಚಿಮ ಕರಾವಳಿಯ ಕಲ್ಲಿನಿಂದ ಎಂಬುದು ನಮ್ಮಲ್ಲಿ ಅನೇಕರಿಗೆ ತಿಳಿಯದು.

ಮುರಕಲ್ಲಿನ ದಪ್ಪ ಗೋಡೆ, ಸುಟ್ಟ ಚಿಪ್ಪಿನ ಸುಣ್ಣದ ಗಾರೆ, ಮರದ ತೊಲೆ, ಮಳೆಗೆ ಇಳಿಜಾರಾದ ಮಾಡು, ಇವಿಷ್ಟು ಕರಾವಳಿಯ ಅನುಕೂಲಸ್ಥರ ಮನೆಯ ಲಕ್ಷಣಗಳು. 1865ರಲ್ಲಿ ಬಾಸೆಲ್ ಮಿಶನಿನ ಜಾರ್ಜ್ ಪ್ಲೆಬ್‌ಸ್ಟ್ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದ ಮೇಲೆ ಮಾಡಿನ ಮುಳಿಹುಲ್ಲು ಮತ್ತು ನಾಡಹಂಚುಗಳ ಜಾಗದಲ್ಲಿ ಮಂಗಳೂರು ಹಂಚು ಬಂದಿತು. ಮುಂದೆ ಉಡುಪಿಗೆ ಹತ್ತಿರದ ಮಲ್ಪೆಯಲ್ಲಿಯೂ ಮಿಶನಿನ ಹಂಚಿನ ಕಾರ್ಖಾನೆ ನಡೆಯಿತು. ಹೀಗೆ ಒಂದು ಮನೆಯ ಗೋಡೆ ಮಾಡುಗಳನ್ನು ನೋಡಿದರೆ ಆ ಕಾಲದ ಜಿಲ್ಲೆಯ ಕೈಗಾರಿಕೆ ಏನಿತ್ತೆಂಬುದು ತಿಳಿಯುತ್ತದೆ.

ಇಂತಹ ಮನೆಗಳು ಒಂದೊಂದಾಗಿ ನೆಲಕ್ಕುರುಳಿ ವಸತಿ ಸಮುಚ್ಚಯಗಳಾಗುತ್ತಿರುವ ಕಾಲವಿದು. ಯಾರನ್ನೂ ದೂರುವಂತಿಲ್ಲ, ನಗರದ ಮಧ್ಯದಲ್ಲಿ ಸೆಂಟ್ಸ್ ಲೆಕ್ಕದಲ್ಲಿ ಬೆಲೆ ಏರಿದ ನೆಲದ ಮೇಲೆ ಒಂದೇ ಕುಟುಂಬದ ಹಳೆಯ ಮನೆಯನ್ನು ಉಳಿಸಿಕೊಳ್ಳುವುದು ಸುಲಭದ ಮಾತಲ್ಲ. ಉಳಿದವುಗಳು ಹೆಚ್ಚಾಗಿ ಯಾವುದಾದರೊಂದು ಸಂಸ್ಥೆಯ ಕೈಸೇರಿದ್ದರಿಂದ ಉಳಿದವು. ಮಂಗಳೂರಿನ ಬಿಜೈಯಲ್ಲಿ ಕರ್ನಲ್ ವಿ. ಆರ್. ಮಿರಜಕರರು ತಮ್ಮ ಬಂಗಲೆಯನ್ನು ತಾಯಿಯವರ ನೆನಪಿಗಾಗಿ ಸರಕಾರಕ್ಕೆ ಒಪ್ಪಿಸಿದ್ದರಿಂದ 1960ರಲ್ಲಿ ಅದು ಶ್ರೀಮಂತಿ ಬಾಯಿ ಸ್ಮಾರಕ ಸರಕಾರಿ ವಸ್ತುಸಂಗ್ರಹಾಲಯವಾಗಿ ತೆರೆಯಿತು. ಉಡುಪಿಯ ಮನೆಯನ್ನು ಉಳಿಸಿದುದು ಅದರ ಯಜಮಾನರು ಕಟ್ಟಿದ ಬ್ಯಾಂಕು.

ಬ್ಯಾಂಕಿಲ್ಲದ ಊರಿನಲ್ಲಿ ವ್ಯಾಪಾರ

1906ರ ಉಡುಪಿಯನ್ನು ಇಂದಿನ ವರ್ತಕರು ಊಹಿಸಿಕೊಳ್ಳುವುದು ಕಷ್ಟ. ಆಗ ಅದು ಮದರಾಸು ಪ್ರಾಂತದ ದಕ್ಷಿಣ ಕನ್ನಡ ಜಿಲ್ಲೆಯ ಒಂದು ತಾಲೂಕು ಕೇಂದ್ರ. ಮಂಗಳೂರಿಗೇ ರೈಲು ಬಂದುದು 1907ರಲ್ಲಿ. ಉಡುಪಿಯಿಂದ ಮಂಗಳೂರಿಗೆ ಬರುವವರು ಹೊಳೆಹೊಳೆಗೂ ದೋಣಿ ಹತ್ತಬೇಕು. ಮಳೆಗಾಲದಲ್ಲಿ ಕಡಲು ಮುಚ್ಚಿದರೆ ಮಂಜಿಗಳ ಓಡಾಟವೂ ನಿಂತಂತೆಯೇ. ಅಕ್ಕಿ, ತೆಂಗು, ಅಡಿಕೆ, ಒಣಮೀನು ಇವುಗಳ ವ್ಯಾಪಾರವೆಲ್ಲ ವರ್ಷದ ಎಂಟು ತಿಂಗಳಲ್ಲಿ ಮುಗಿಯಬೇಕಿತ್ತು. ಆ ಎಂಟು ತಿಂಗಳಲ್ಲಿ ಕೈಯಲ್ಲಿ ನಗದಿಲ್ಲದ ವರ್ತಕನು ವರ್ಷವಿಡೀ ಸೋತಂತೆ.

ಸಾಲ ಬೇಕಾದರೆ ಊರಿನ ಧನಿಕರ ಬಾಗಿಲಿಗೆ ಹೋಗಬೇಕು. ಬಡ್ಡಿಯ ದರವನ್ನು ನಿರ್ಣಯಿಸುವವರು ಅವರೇ. ಮದರಾಸು ಬ್ಯಾಂಕು ಮಂಗಳೂರಿನಲ್ಲಿ ಶಾಖೆ ತೆರೆದಿತ್ತಾದರೂ ಅದರ ಗಮನವೆಲ್ಲ ಬ್ರಿಟಿಷ್ ಕಂಪನಿಗಳ ವ್ಯವಹಾರದ ಮೇಲೆ. ಅದರ ಏಜೆಂಟರು ಹದಿನೈದು ದಿನಗಳಿಗೊಮ್ಮೆ ಉಡುಪಿಗೆ ಬಂದು ಹೋಗುತ್ತಿದ್ದರು. ಊರಿಂದೂರಿಗೆ ಹಣ ಕಳುಹಿಸಲು ಅಂಚೆಯೊಂದೇ ಗತಿ. ಇಂದು ಮೊಬೈಲಿನಲ್ಲಿ ಕ್ಷಣಮಾತ್ರದಲ್ಲಿ ಹಣ ದಾಟಿಸುವ ನಮಗೆ ಹದಿನೈದು ದಿನಗಳಿಗೊಮ್ಮೆ ಬರುವ ಬ್ಯಾಂಕೆಂದರೆ ತಮಾಷೆಯಾಗಿ ಕಾಣಬಹುದು. ಆದರೆ ಮಾಲು ಬಂದರಿನಲ್ಲಿ ಇಳಿದು, ಏಜೆಂಟರು ಹಿಂದಿನ ದಿನವೇ ಹೊರಟುಹೋಗಿದ್ದರೆ ಆ ವರ್ತಕನ ಪಾಡನ್ನು ನಾವು ಲೆಕ್ಕ ಹಾಕಿ ನೋಡಬಹುದು.

ಬಂಗಾಳದ ವಿಭಜನೆಯ ವಿರುದ್ಧ 1905ರಲ್ಲಿ ಎದ್ದ ಸ್ವದೇಶಿ ಚಳವಳಿಯ ಅಲೆ ಕರಾವಳಿಯನ್ನೂ ಮುಟ್ಟಿದ್ದ ಕಾಲವದು. ವಿದೇಶೀ ಬಟ್ಟೆಯನ್ನು ಸುಡುವುದು ಸ್ವದೇಶಿಯ ಒಂದು ಮುಖ. ನಮ್ಮ ಹಣವನ್ನು ನಮ್ಮವರ ಕೈಯಲ್ಲಿಯೇ ಬೆಳೆಸುವುದು ಇನ್ನೊಂದು ಮುಖ. ಉಡುಪಿಯ ಸಿರಿವಂತ ಮನೆತನವೊಂದರಲ್ಲಿ 1882ರಲ್ಲಿ ಜನಿಸಿದ್ದ ಹಾಜಿ ಅಬ್ದುಲ್ಲಾ ಸಾಹೇಬರು ಹಿಡಿದುದು ಈ ಎರಡನೆಯ ದಾರಿಯನ್ನು. ಆಗ ಅವರ ವಯಸ್ಸು ಕೇವಲ ಇಪ್ಪತ್ತನಾಲ್ಕು.

38 ರೂಪಾಯಿ 13 ಆಣೆ 2 ಪೈ

1906ರ ಫೆಬ್ರವರಿ 19ರಂದು ಸಾಹೇಬರು ಸಾರ್ವಜನಿಕರಿಗೆ ಮನವಿಯೊಂದನ್ನು ಹೊರಡಿಸಿದರು. ಜಾತಿಮತಗಳ ಭೇದವಿಲ್ಲದೆ ಎಲ್ಲ ವರ್ಗದ ಜನರಲ್ಲಿ ಉಳಿತಾಯದ ಅಭ್ಯಾಸವನ್ನು ಬೆಳೆಸುವುದು, ಅದರೊಡನೆಯೇ ಪರಸ್ಪರ ಸಹಕಾರದ ಅಭ್ಯಾಸವನ್ನೂ ಬೆಳೆಸುವುದು ಸಂಸ್ಥೆಯ ಉದ್ದೇಶವೆಂದು ಅದರಲ್ಲಿ ತಿಳಿಸಿ, ಸ್ವದೇಶಿ ಎಂದರೆ ಇದೇ ಎಂದು ಸಾರಿದ್ದರು. ಲಾಭಾಂಶದ ಆಮಿಷ ಅದರ ಮುಖ್ಯ ಮಾತಾಗಿರಲಿಲ್ಲ ಎಂಬುದು ಗಮನಾರ್ಹ. ಷೇರು ಮಾರಲು ಹೊರಟವರ ಪ್ರಚಾರಪತ್ರಗಳನ್ನು ದಿನನಿತ್ಯ ಓದುವ ನಮಗೆ ಆ ಮನವಿಯ ಸಂಯಮ ಅಚ್ಚರಿ ತರಿಸುತ್ತದೆ.

ಮೂರು ವಾರ ಕಳೆದು, ಮಾರ್ಚ್ 12ರ ಸೋಮವಾರ ‘ಕೆನರಾ ಬ್ಯಾಂಕಿಂಗ್ ಕಾರ್ಪೊರೇಶನ್ (ಉಡಿಪಿ) ಲಿಮಿಟೆಡ್’ ಆರಂಭವಾಯಿತು. ಆರಂಭದ ಬಂಡವಾಳ 5,000 ರೂಪಾಯಿ. ಮೊದಲ ದಿನದ ವ್ಯವಹಾರ ಮುಗಿದಾಗ ಅದರ ಸಂಪನ್ಮೂಲ 38 ರೂಪಾಯಿ 13 ಆಣೆ 2 ಪೈ.

ಈ ಅಂಕಿಯನ್ನು ಬ್ಯಾಂಕಿನವರು ಮುಂದೆ ಬಹಳ ಅಭಿಮಾನದಿಂದ ಹೇಳಿಕೊಳ್ಳುತ್ತಿದ್ದರು. ಭಾಷಣಗಳಲ್ಲಿ ಕೇಳಿ ಕೇಳಿ ನಮಗೂ ಬಾಯಿಪಾಠವಾಗಿದೆ. ಆದರೂ ಲೆಕ್ಕ ಬರೆಯುವವರ ಕಣ್ಣಿನಿಂದ ಅದನ್ನು ಮತ್ತೊಮ್ಮೆ ನೋಡಬೇಕು. ರೂಪಾಯಿಗೆ ಹದಿನಾರು ಆಣೆ, ಆಣೆಗೆ ಹನ್ನೆರಡು ಪೈ. ಇಂದಿನ ದಶಮಾಂಶದ ಲೆಕ್ಕದಲ್ಲಿ ಆ ಮೊತ್ತ 38 ರೂಪಾಯಿ 82 ಪೈಸೆಯಾಗುತ್ತದೆ. ದೊಡ್ಡ ಧನಿಕನೊಬ್ಬನು ಬಂದು ಇಡಗಂಟು ಇಟ್ಟಿದ್ದರೆ ಮೊತ್ತ ನೂರೋ ಐನೂರೋ ಎಂದು ದುಂಡಾಗಿರುತ್ತಿತ್ತು. ಆಣೆ ಪೈಗಳು ಸೇರಿರುವುದನ್ನು ನೋಡಿದರೆ, ಕೈಯಲ್ಲಿದ್ದುದನ್ನು ಇದ್ದಷ್ಟೇ ತಂದು ಒಪ್ಪಿಸಿದವರ ಹಣವದು ಎಂದೇ ನನ್ನ ಊಹೆ. ಎರಡು ಪೈಯನ್ನೂ ಬಿಡದೆ ಪುಸ್ತಕಕ್ಕೆ ಏರಿಸಿದ ಗುಮಾಸ್ತರ ಕೈಬರಹವೂ ಆ ಸಂಸ್ಥೆಯ ಬಂಡವಾಳವೇ.

ಸಂಸ್ಥೆ ಆರಂಭವಾದುದು ‘ನಿಧಿ’ಯ ಸ್ವರೂಪದಲ್ಲಿ. ಸದಸ್ಯರು ಸಣ್ಣ ಸಣ್ಣ ಮೊತ್ತಗಳನ್ನು ಕೂಡಿಹಾಕಿ, ಅದರಿಂದಲೇ ಪರಸ್ಪರ ಸಾಲ ಪಡೆಯುವ ಪದ್ಧತಿ ಅದು. 1872ರಲ್ಲಿ ಮದರಾಸಿನ ಮೈಲಾಪುರದಲ್ಲಿ ಸ್ಥಾಪನೆಯಾದ ಹಿಂದೂ ಪರ್ಮನೆಂಟ್ ಫಂಡ್ ಇಂತಹ ನಿಧಿಗಳಲ್ಲಿ ಪ್ರಸಿದ್ಧವಾದುದು. ಅದೇ 1906ರ ಜುಲೈಯಲ್ಲಿ ಮಂಗಳೂರಿನ ವಕೀಲರಾದ ಅಮ್ಮೆಂಬಳ ಸುಬ್ಬರಾವ್ ಪೈಗಳು ‘ಕೆನರಾ ಹಿಂದೂ ಪರ್ಮನೆಂಟ್ ಫಂಡ್’ ಎಂಬ ಹೆಸರಿನಲ್ಲಿ ತಮ್ಮ ಸಂಸ್ಥೆಯನ್ನು ತೆರೆದರು. 1910ರಲ್ಲಿ ಅದು ಕೆನರಾ ಬ್ಯಾಂಕ್ ಆಯಿತು. ಒಂದೇ ಜಿಲ್ಲೆಯಲ್ಲಿ, ಒಂದೇ ವರ್ಷದಲ್ಲಿ, ನಾಲ್ಕು ತಿಂಗಳ ಅಂತರದಲ್ಲಿ ಎರಡು ಬ್ಯಾಂಕುಗಳ ಬೀಜ ಬಿದ್ದವು.

ಆ ವರ್ಷ ಇನ್ನೊಂದು ಘಟನೆಯೂ ನಡೆಯಿತು. 1906ರ ಅಕ್ಟೋಬರ್‌ನಲ್ಲಿ ಮದರಾಸಿನ ಅರ್ಬತ್‌ನಾಟ್ ಕಂಪನಿ ದಿವಾಳಿಯಾಯಿತು. ಪ್ರಾಂತದ ಅತ್ಯಂತ ಪ್ರತಿಷ್ಠಿತ ಬ್ರಿಟಿಷ್ ವ್ಯಾಪಾರ ಸಂಸ್ಥೆಗಳಲ್ಲೊಂದು ಅದು. ನಿವೃತ್ತ ನೌಕರರು, ವಿಧವೆಯರು, ಸಣ್ಣ ಹಿಡುವಳಿದಾರರು ತಮ್ಮ ಉಳಿತಾಯವನ್ನೆಲ್ಲ ಅಲ್ಲಿಟ್ಟಿದ್ದರು. ಆ ಕುಸಿತದ ನೋವಿನಿಂದಲೇ 1907ರಲ್ಲಿ ಇಂಡಿಯನ್ ಬ್ಯಾಂಕ್ ಹುಟ್ಟಿತು. ಉಡುಪಿಯ ಏಳು ತಿಂಗಳ ಕೂಸಿನ ಮೇಲೆ ಆ ಸುದ್ದಿಯ ಬಿಸಿ ತಟ್ಟದೆ ಇರಲಾರದು. ಭಾರತೀಯ ರಿಸರ್ವ್ ಬ್ಯಾಂಕು ಹುಟ್ಟಲು ಇನ್ನೂ ಇಪ್ಪತ್ತೊಂಬತ್ತು ವರ್ಷಗಳಿದ್ದವು. ಠೇವಣಿ ವಿಮೆಯ ಮಾತೇ ಇರಲಿಲ್ಲ. 1960ರಲ್ಲಿ ಕೇರಳದ ಪಾಲಾಯಿ ಸೆಂಟ್ರಲ್ ಬ್ಯಾಂಕ್ ಮುಳುಗಿದ ಬಳಿಕ, 1962ರ ಜನವರಿಯಿಂದ ಜಾರಿಗೆ ಬಂದ ಆ ರಕ್ಷಣೆ ಮೊದಲಿಗೆ ಒಬ್ಬ ಠೇವಣಿದಾರನಿಗೆ 1,500 ರೂಪಾಯಿಗಳಷ್ಟೇ; 2020ರ ಫೆಬ್ರವರಿಯಿಂದ ಅದು 5 ಲಕ್ಷ. ಹಾಗಿರುವಾಗ 1906ರಲ್ಲಿ ಠೇವಣಿದಾರನಿಗೆ ಯಾವ ಆಧಾರವಿತ್ತು? ಊರಿನಲ್ಲಿ ಎಲ್ಲರಿಗೂ ಗೊತ್ತಿದ್ದ ಒಂದು ಮನೆ, ಆ ಮನೆಯ ಯಜಮಾನರ ಹೆಸರು, ಇವಲ್ಲದೆ ಬೇರೇನೂ ಇರಲಿಲ್ಲ. ಬ್ಯಾಂಕು ಕೈಕೊಟ್ಟರೆ ಯಾರ ಬಾಗಿಲು ಬಡಿಯಬೇಕೆಂಬುದು ಊರಿನ ಪ್ರತಿಯೊಬ್ಬರಿಗೂ ತಿಳಿದಿತ್ತು. ಇಂದು ನಮ್ಮ ಸಾಲದ ಕಡತ ಯಾವ ಊರಿನ ಯಾವ ಮೇಜಿನ ಮೇಲಿದೆಯೆಂದು ನಮಗೆ ಗೊತ್ತೇ?

ಹದಿನೇಳು ವರ್ಷಗಳ ತಾಳ್ಮೆ

ಬ್ಯಾಂಕಿನ ಬೆಳವಣಿಗೆಯಲ್ಲಿ ನನಗೆ ಅತ್ಯಂತ ಗೌರವ ಮೂಡಿಸುವ ಸಂಗತಿ ಅದರ ನಿಧಾನಗತಿ. ಉಡುಪಿಯ ಆಚೆಗೆ ಮೊದಲ ಶಾಖೆ ತೆರೆದುದು 1923ರಲ್ಲಿ, ಕುಂದಾಪುರದಲ್ಲಿ. ಅಂದರೆ ಹದಿನೇಳು ವರ್ಷಗಳ ಕಾಲ ಒಂದೇ ಊರಿನಲ್ಲಿ ವ್ಯವಹಾರ. ಮಂಗಳೂರಿನ ರಥಬೀದಿಗೆ ಬಂದುದು 1926ರಲ್ಲಿ. ಮಡಿಕೇರಿಯಲ್ಲಿ ಏಳನೆಯ ಶಾಖೆ ತೆರೆದುದು 1934ರಲ್ಲಿ. ಈ ಅವಧಿಯ ಬಹುಪಾಲು, ಎರಡು ದಶಕಗಳಿಗೂ ಹೆಚ್ಚು ಕಾಲ, ಹಾಜಿ ಅಬ್ದುಲ್ಲಾ ಸಾಹೇಬರೇ ಸಂಸ್ಥೆಯ ಅಧ್ಯಕ್ಷರಾಗಿದ್ದರು.

ರಥಬೀದಿಯ ಶಾಖೆ ನಮ್ಮ ಮಂಗಳೂರಿನ ವರ್ತಕರಿಗೆ ಮುಖ್ಯವಾದ ಘಟನೆ. ಬಂದರಿನಿಂದ ಅನತಿದೂರದಲ್ಲಿ, ಜವಳಿ, ಚಿನ್ನಬೆಳ್ಳಿ, ದಿನಸಿ ಅಂಗಡಿಗಳ ನಡುವೆ, ಊರಿನ ಭಾಷೆಯಲ್ಲಿ ಮಾತನಾಡುವ ಬ್ಯಾಂಕು. ಅದರ ಆಸುಪಾಸಿನ ವರ್ಷಗಳಲ್ಲಿಯೇ ಜಿಲ್ಲೆಯಲ್ಲಿ ಬ್ಯಾಂಕುಗಳ ಸುಗ್ಗಿ. 1924ರಲ್ಲಿ ಮಂಗಳೂರಿನಲ್ಲಿ ಕರ್ಣಾಟಕ ಬ್ಯಾಂಕ್. 1925ರಲ್ಲಿ ಉಡುಪಿಯಲ್ಲಿ, ಮುಂದೆ ಸಿಂಡಿಕೇಟ್ ಬ್ಯಾಂಕ್ ಎನಿಸಿದ ಸಂಸ್ಥೆ. ಆರ್ಥಿಕ ಕುಸಿತದ ನಟ್ಟನಡುವೆ, 1931ರಲ್ಲಿ, ಎ. ಬಿ. ಶೆಟ್ಟರ ನೇತೃತ್ವದಲ್ಲಿ ವಿಜಯಾ ಬ್ಯಾಂಕ್. ಸಿಂಡಿಕೇಟಿನವರು 1928ರಲ್ಲಿ ಪಿಗ್ಮಿ ಠೇವಣಿಯನ್ನು ಆರಂಭಿಸಿ, ದಿನಕ್ಕೆ ಎರಡಾಣೆಯನ್ನು ಮನೆಬಾಗಿಲಿನಲ್ಲಿ ಸಂಗ್ರಹಿಸತೊಡಗಿದರು. ಉಡುಪಿಯ ಮೊದಲ ದಿನದ ಆಣೆ ಪೈಗಳಿಗೂ ಈ ಎರಡಾಣೆಗೂ ಇರುವ ಸಂಬಂಧವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಮುಂದಿನ ಚರಿತ್ರೆ ಗೊತ್ತಿರುವಂಥದ್ದು. 1937ರಲ್ಲಿ ರಿಸರ್ವ್ ಬ್ಯಾಂಕಿನ ಎರಡನೆಯ ಅನುಸೂಚಿಗೆ ಸೇರ್ಪಡೆ. 1939ರಲ್ಲಿ ಹೆಸರಿನಿಂದ ಉಡುಪಿ ಮರೆಯಾಗಿ ಕೆನರಾ ಬ್ಯಾಂಕಿಂಗ್ ಕಾರ್ಪೊರೇಶನ್ ಲಿಮಿಟೆಡ್. 1972ರಲ್ಲಿ ಕೆನರಾವೂ ಮರೆಯಾಗಿ ಕಾರ್ಪೊರೇಶನ್ ಬ್ಯಾಂಕ್. ನಡುವೆ 1961ರಲ್ಲಿ ಬೆಳಗಾವಿಯ ಬ್ಯಾಂಕ್ ಆಫ್ ಸಿಟಿಜನ್ಸ್ ಇದರಲ್ಲಿ ಸೇರಿಹೋಯಿತು. 1980ರ ಎಪ್ರಿಲ್ 15ರಂದು ರಾಷ್ಟ್ರೀಕರಣ.

ಯಜಮಾನರು

ಸಾಹೇಬರ ವ್ಯಕ್ತಿತ್ವವನ್ನು ಕುರಿತು ಉಡುಪಿಯಲ್ಲಿ ಕೇಳಿಬರುವ ಮಾತುಗಳು ಬ್ಯಾಂಕಿನ ವಾರ್ಷಿಕ ವರದಿಗಳಲ್ಲಿ ಸಿಗುವಂಥವಲ್ಲ. ಮದರಾಸು ಶಾಸನ ಪರಿಷತ್ತಿನ ಸದಸ್ಯರಾಗಿದ್ದವರು, ಬ್ರಿಟಿಷ್ ಸರಕಾರದಿಂದ ಖಾನ್ ಬಹಾದೂರ್ ಪದವಿ ಪಡೆದವರು ಎಂಬುದಕ್ಕಿಂತಲೂ ಹೆಚ್ಚಾಗಿ ಊರವರ ನೆನಪಿನಲ್ಲಿ ಉಳಿದಿರುವುದು ಅವರ ಕೊಡುಗೈ. ಶ್ರೀಕೃಷ್ಣ ಮಠದ ಲಕ್ಷದೀಪೋತ್ಸವಕ್ಕೆ ಅವರು ನೆರವಾದ ಪ್ರಸಂಗವನ್ನು ಹಿರಿಯರು ಇಂದಿಗೂ ಹೇಳುತ್ತಾರೆ. ಇಂತಹ ಕಥೆಗಳು ಬಾಯಿಂದ ಬಾಯಿಗೆ ಬರುವಾಗ ವಿವರಗಳು ಬದಲಾಗುವುದುಂಟು. ಆದರೆ ಅಷ್ಟಮಠಗಳ ಊರಿನಲ್ಲಿ ಒಬ್ಬ ಮುಸಲ್ಮಾನ ಧನಿಕರ ಕುರಿತು ಊರೇ ಈ ಕಥೆಯನ್ನು ಉಳಿಸಿಕೊಂಡು ಬಂದಿದೆ ಎಂಬುದರಲ್ಲಿ ಸಂಶಯವಿಲ್ಲ. ಜಾತಿಮತ ಭೇದವಿಲ್ಲದೆ ಎಂಬ 1906ರ ಮನವಿಯ ಮಾತನ್ನು ಜನರು ನಂಬಿ ಹಣ ತಂದು ಇಟ್ಟುದೇಕೆಂಬುದಕ್ಕೆ ಈ ಕಥೆಯಲ್ಲಿ ಉತ್ತರವಿದೆ ಎಂದುಕೊಳ್ಳುತ್ತೇನೆ.

ಅವರ ಕೊಡುಗೆಗಳಲ್ಲಿ ದೊಡ್ಡದು ಉಡುಪಿ ನಗರದ ನಡುವಿನ ನಾಲ್ಕು ಎಕರೆಗೂ ಮಿಕ್ಕಿದ ಜಮೀನು. ಸಾರ್ವಜನಿಕ ಆಸ್ಪತ್ರೆಗೆಂದು ಅವರು ಕೊಟ್ಟ ಆ ನೆಲದ ಮೇಲೆ ಸರಕಾರಿ ಹೆಂಗಸರ ಮತ್ತು ಮಕ್ಕಳ ಆಸ್ಪತ್ರೆ ದಶಕಗಳ ಕಾಲ ನಡೆಯಿತು. 2016ರಲ್ಲಿ ಆ ಜಾಗವನ್ನು ಖಾಸಗಿ ಉದ್ಯಮಿಯೊಬ್ಬರಿಗೆ ವಹಿಸಿ, ಬಡವರಿಗೆ ಉಚಿತವಾದ 200 ಹಾಸಿಗೆಗಳ ಹೊಸ ಆಸ್ಪತ್ರೆಯನ್ನೂ ಅದರ ಜತೆಗೆ ದೊಡ್ಡದೊಂದು ಖಾಸಗಿ ಆಸ್ಪತ್ರೆಯನ್ನೂ ಕಟ್ಟಿಸಲು ಸರಕಾರ ನಿರ್ಧರಿಸಿದಾಗ ಊರಿನಲ್ಲಿ ವಿರೋಧ ಎದ್ದಿತು. ದಾನಿಯ ಇಚ್ಛೆ ಏನಿತ್ತು, ಅದನ್ನು ಬದಲಿಸುವ ಹಕ್ಕು ಯಾರಿಗಿದೆ ಎಂಬುದೇ ಅಲ್ಲಿಯ ವಿವಾದ. 200 ಹಾಸಿಗೆಗಳ ಆಸ್ಪತ್ರೆ 2017ರ ನವೆಂಬರ್‌ನಲ್ಲಿ ಉದ್ಘಾಟನೆಗೊಂಡಿತು. ಕೆಲವೇ ವರ್ಷಗಳಲ್ಲಿ ಖಾಸಗಿ ನಿರ್ವಹಣೆ ಮುಂದುವರಿಯಲಾರದೆ ಸರಕಾರವೇ ಅದನ್ನು ವಹಿಸಿಕೊಂಡಿತು. ಆಸ್ಪತ್ರೆಯ ಹೆಸರಿನಲ್ಲಿ ಹಾಜಿ ಅಬ್ದುಲ್ಲಾ ಎಂಬುದು ಉಳಿದಿದೆ.

ಸಾಹೇಬರು ತೀರಿಕೊಂಡುದು 1935ರಲ್ಲಿ, ಐವತ್ತಮೂರರ ಆಸುಪಾಸಿನಲ್ಲಿ. ಕೊನೆಯ ದಿನಗಳಲ್ಲಿ ಅವರ ಸಂಪತ್ತು ಕರಗಿಹೋಗಿತ್ತು ಎಂದು ಜನ ಹೇಳುತ್ತಾರೆ. ಕೊಟ್ಟು ಕರಗಿತೋ, ಜಗತ್ತಿನ ಮಾರುಕಟ್ಟೆಗಳೆಲ್ಲ ನೆಲಕಚ್ಚಿ ತೆಂಗು, ಭತ್ತ, ಅಡಿಕೆಗಳ ಧಾರಣೆ ಕುಸಿದ ಆ ವರ್ಷಗಳಲ್ಲಿ ಕರಗಿತೋ, ಎರಡೂ ಸೇರಿಯೋ. ಅವರು ಕಟ್ಟಿದ ಸಂಸ್ಥೆಗೆ ಮಾತ್ರ ಆ ಕುಸಿತದಿಂದ ಅಪಾಯ ತಟ್ಟಲಿಲ್ಲ. ಯಜಮಾನರ ಸ್ವಂತ ಭಾಗ್ಯವನ್ನು ಸಂಸ್ಥೆಯ ಲೆಕ್ಕದಿಂದ ಬೇರೆಯಾಗಿ ಇಟ್ಟುದರಿಂದಲೇ ಇದು ಸಾಧ್ಯವಾಯಿತು. ಕುಟುಂಬದ ಖರ್ಚನ್ನೂ ಅಂಗಡಿಯ ಖರ್ಚನ್ನೂ ಒಂದೇ ಪುಸ್ತಕದಲ್ಲಿ ಬರೆಯುವ ನಮ್ಮಲ್ಲಿನ ಹಲವರು ಈ ವಾಕ್ಯವನ್ನು ಎರಡು ಸಲ ಓದಿದರೆ ಬೇಸರವಿಲ್ಲ.

ವಿಲೀನದ ನಂತರ

2019ರ ಆಗಸ್ಟ್ 30ರಂದು ಕೇಂದ್ರ ಸರಕಾರ ವಿಲೀನವನ್ನು ಪ್ರಕಟಿಸಿದಾಗ ಕಾರ್ಪೊರೇಶನ್ ಬ್ಯಾಂಕಿಗೆ ದೇಶದಾದ್ಯಂತ ಸುಮಾರು 2,400 ಶಾಖೆಗಳಿದ್ದವು. ಅದೇ ವರ್ಷದ ಎಪ್ರಿಲ್‌ನಲ್ಲಿ ವಿಜಯಾ ಬ್ಯಾಂಕು ಬ್ಯಾಂಕ್ ಆಫ್ ಬರೋಡಾದಲ್ಲಿ ಸೇರಿಹೋಗಿತ್ತು. ಮರುವರ್ಷ ಸಿಂಡಿಕೇಟ್ ಬ್ಯಾಂಕು ಕೆನರಾ ಬ್ಯಾಂಕಿನಲ್ಲಿ ಸೇರಿತು. ಅವಿಭಜಿತ ಜಿಲ್ಲೆಯಲ್ಲಿ ಹುಟ್ಟಿದ ಐದು ದೊಡ್ಡ ಬ್ಯಾಂಕುಗಳಲ್ಲಿ ಸ್ವಂತ ಹೆಸರಿನಲ್ಲಿ ಉಳಿದವು ಎರಡು. ಅವುಗಳಲ್ಲಿ ಪ್ರಧಾನ ಕಚೇರಿಯನ್ನು ಮಂಗಳೂರಿನಲ್ಲಿಯೇ ಉಳಿಸಿಕೊಂಡಿರುವುದು ಕರ್ಣಾಟಕ ಬ್ಯಾಂಕ್ ಒಂದೇ.

ಇದನ್ನು ಕೇವಲ ದೆಹಲಿಯ ಅನ್ಯಾಯವೆಂದು ಹೇಳುವುದು ಸುಲಭ. ಹಾಗೆ ಹೇಳಿದ ಸಭೆಗಳಲ್ಲಿ ಚಪ್ಪಾಳೆಯೂ ಬಿದ್ದಿದೆ. ಆದರೆ ವರ್ತಕರಾದ ನಾವು ಲೆಕ್ಕದ ಎರಡೂ ಬದಿ ನೋಡಬೇಕು. ವಸೂಲಾಗದ ಸಾಲಗಳ ಹೊರೆಯಿಂದಾಗಿ ಕಾರ್ಪೊರೇಶನ್ ಬ್ಯಾಂಕು ರಿಸರ್ವ್ ಬ್ಯಾಂಕಿನ ನಿರ್ಬಂಧಗಳಿಗೆ ಒಳಗಾಗಿತ್ತು. 2019ರ ಫೆಬ್ರವರಿಯಲ್ಲಷ್ಟೇ ಅದರಿಂದ ಹೊರಬಂದಿತ್ತು. ಕುಂದಾಪುರಕ್ಕೆ ಹೋಗಲು ಹದಿನೇಳು ವರ್ಷ ಕಾದಿದ್ದ ಸಂಸ್ಥೆಯ ಉತ್ತರಾಧಿಕಾರಿಗಳು ದೂರದ ದೊಡ್ಡ ಉದ್ದಿಮೆಗಳ ಸಾಲದ ವಿಷಯದಲ್ಲಿ ಅದೇ ತಾಳ್ಮೆ ತೋರಿದ್ದರೇ ಎಂದು ಕೇಳುವ ಹಕ್ಕು ಠೇವಣಿದಾರರಿಗಿದೆ.

ಸಣ್ಣ ಉದ್ದಿಮೆದಾರರಿಗೆ ಆದ ಕಷ್ಟವಂತೂ ಕೈಮುಟ್ಟುವಂಥದ್ದು. ಐಎಫ್‌ಎಸ್‌ಸಿ ಸಂಖ್ಯೆಗಳು ಬದಲಾದವು, ಚೆಕ್ ಪುಸ್ತಕಗಳು ಬದಲಾದವು, ಗಿರಾಕಿಗಳಿಗೆಲ್ಲ ಹೊಸ ಖಾತೆಯ ವಿವರ ತಿಳಿಸಿ ಬಿಲ್ ಪುಸ್ತಕ ಮರುಮುದ್ರಿಸಬೇಕಾಯಿತು. ಅದೆಲ್ಲ ಒಂದೆರಡು ವರ್ಷದ ತೊಂದರೆ, ಮುಗಿಯಿತು. ಮುಗಿಯದೆ ಉಳಿದುದು ಬೇರೊಂದಿದೆ. ಹಿಂದೆ ದುಡಿಮೆ ಬಂಡವಾಳದ ಮಿತಿಯನ್ನು ಏರಿಸಬೇಕಾದರೆ ಪಾಂಡೇಶ್ವರಕ್ಕೆ ಹೋಗಿ, ನಮ್ಮ ಅಂಗಡಿಯನ್ನೂ ನಮ್ಮ ತಂದೆಯವರನ್ನೂ ಬಲ್ಲ ಅಧಿಕಾರಿಗಳಿಗೆ ಮಳೆಗಾಲದ ವ್ಯಾಪಾರದ ಏರುಪೇರನ್ನು ವಿವರಿಸಬಹುದಿತ್ತು. ಮೀನುಗಾರಿಕೆಯ ಬೋಟುಗಳು ಜೂನ್ ಜುಲೈಯಲ್ಲಿ ಏಕೆ ಕಡಲಿಗಿಳಿಯುವುದಿಲ್ಲ, ಆ ತಿಂಗಳ ಕಂತು ಏಕೆ ತಡವಾಗುತ್ತದೆ ಎಂಬುದನ್ನು ಅವರಿಗೆ ಹೇಳಿಕೊಡಬೇಕಾಗಿರಲಿಲ್ಲ. ಈಗ ಅಂತಿಮ ನಿರ್ಣಯದ ಮೇಜು ದೂರ ಸರಿದಿದೆ. ಕಾಗದಪತ್ರಗಳು ಸರಿಯಿದ್ದವರಿಗೆ ಸಾಲ ಸಿಗುವುದು ಮೊದಲಿಗಿಂತ ಬೇಗವಾಗಿರಲೂಬಹುದು. ಹೆಸರೊಂದೇ ಆಧಾರವಾಗಿರುವ ಸಣ್ಣ ವರ್ತಕನು ಮಾತ್ರ ತನ್ನ ಹೆಸರನ್ನು ಹೇಳಿಕೊಳ್ಳಲು ಬಾಗಿಲು ಹುಡುಕುತ್ತಿದ್ದಾನೆ. ನಮ್ಮ ಸಂಸ್ಥೆಯ ಬ್ಯಾಂಕಿಂಗ್ ಉಪಸಮಿತಿಗಳು ಸ್ಥಳೀಯ ಅಧಿಕಾರಿಗಳ ಮಂಜೂರಾತಿ ಮಿತಿಯನ್ನು ಕುರಿತು ಬ್ಯಾಂಕುಗಳೊಡನೆ ಮಾತನಾಡುವಾಗ ಈ ಸಂಗತಿಯನ್ನು ಮೊದಲಿಗೆ ಎತ್ತುವುದು ಒಳ್ಳೆಯದು.

ಉಡುಪಿಯ ಆ ಮನೆಯ ವಿಷಯದಲ್ಲಿಯೂ ಒಂದು ಮಾತಿದೆ. ಮುಂಬೈಯಲ್ಲಿ ಪ್ರಧಾನ ಕಚೇರಿಯಿರುವ ಬ್ಯಾಂಕಿಗೆ ಉಡುಪಿಯ ಹಳೆಯ ಮನೆಯೊಂದರ ಮಾಡಿನ ಹಂಚು ಬದಲಿಸುವುದು, ವರ್ಷವರ್ಷದ ಮಳೆಗೆ ಗೋಡೆ ಹಸಿಯಾಗದಂತೆ ನೋಡಿಕೊಳ್ಳುವುದು ಸಾವಿರಾರು ಖರ್ಚಿನ ಬಾಬುಗಳಲ್ಲಿ ಒಂದು. ಮುರಕಲ್ಲಿಗೆ ಮಳೆನೀರು ನೇರ ತಟ್ಟಿದರೆ ಅದು ಸವೆಯುತ್ತದೆ. ಮಾಡು ಸರಿಯಿದ್ದರೆ ಗೋಡೆ ನೂರಾರು ವರ್ಷ ನಿಲ್ಲುತ್ತದೆ ಎಂಬುದು ನಮ್ಮ ಕಡೆಯ ಮೇಸ್ತ್ರಿಗಳೆಲ್ಲ ಬಲ್ಲ ಸಂಗತಿ. ಆ ಮನೆಯನ್ನು ನೋಡಲು ಬರುವವರ ಸಂಖ್ಯೆ ಹೆಚ್ಚಿದಷ್ಟು ಅದರ ಬಾಬಿಗೆ ಕತ್ತರಿ ಬೀಳುವ ಭಯ ಕಡಿಮೆ.

ವ್ಯವಹಾರಕ್ಕಾಗಿ ಉಡುಪಿಗೆ ಹೋಗಿ ಬರುವ ಸದಸ್ಯರು ವಾರದಲ್ಲಿ ಹತ್ತಾರು ಮಂದಿ ಇದ್ದಾರೆ. ಕೆಲಸ ಮುಗಿಸಿ ಹೋಟೆಲಿನಲ್ಲಿ ಕಾಫಿ ಕುಡಿಯುವ ಸಮಯದಲ್ಲಿ ಅಲ್ಲಿಗೊಮ್ಮೆ ಹೋಗಿ ಬರಬಹುದು. ಮಕ್ಕಳನ್ನು ಕರೆದೊಯ್ದರೆ ಆಣೆ, ಪೈಗಳು ಹೇಗಿದ್ದವೆಂಬುದನ್ನು ಕಣ್ಣಾರೆ ತೋರಿಸಿದಂತಾಗುತ್ತದೆ. ಹೊರಡುವ ಮುನ್ನ ಉಡುಪಿಯ ಯೂನಿಯನ್ ಬ್ಯಾಂಕ್ ಶಾಖೆಯಲ್ಲಿ ತೆರೆದಿರುವ ವೇಳೆಯನ್ನು ವಿಚಾರಿಸಿಕೊಳ್ಳುವುದು ಉತ್ತಮ. ಬ್ಯಾಂಕಿನ ರಜಾದಿನಗಳಂದು ಹೋಗಿ ಮುಚ್ಚಿದ ಬಾಗಿಲು ನೋಡಿ ಮರಳುವಂತಾಗಬಾರದು.